ಠಾಣೆಯ ಬಾಗಿಲಲ್ಲಿ ಕೂರುತ್ತಿದ್ದ ಹೋಂಗಾರ್ಡಕ್ಕ

ಆಕೆಯ ಹಣೆ ಎರಡು ಬಣ್ಣದ್ದಾಗಿತ್ತು. ಟೋಪಿ ಮುಚ್ಚುತ್ತಿದ್ದ ಮೇಲಿನ ಎರಡು ಬೆರಳಗಲ ಗೋಧಿ ಬಣ್ಣ. ಅದರ ಕೆಳಗೆ ಮುಖವೆಲ್ಲ ಬಿಸಿಲಿಗೆ ಸುಟ್ಟು ಕಪ್ಪು. ಎರಡರ ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ. ಗಂಡ ತೀರಿಕೊಂಡ ಮೇಲೂ ಬಿಡದೆ ಅಂಟಿಸಿಕೊಳ್ಳುತ್ತಿದ್ದ ಸಣ್ಣ ಕೆಂಪು ಸ್ಟಿಕ್ಕರು ಸರಿಯಾಗಿ ಆ ಗೆರೆಯ ಮೇಲೆ ಕೂರುತ್ತಿತ್ತು. ಏಳು ವರ್ಷ ಸರ್ಕಲ್ಲಿನಲ್ಲಿ ಕೈಯೆತ್ತಿ ನಿಂತು ಬಸ್ಸು, ಕಬ್ಬಿನ ಟ್ರಾಕ್ಟರುಗಳನ್ನು ತಡೆದು ಬಿಟ್ಟು ಮಾಡಿದ್ದರಿಂದ ಬಂದ ಗೆರೆ ಅದು. ಆಮೇಲೆ ಠಾಣೆಯ ಬಾಗಿಲ ಪಕ್ಕದ ಮೇಜಿಗೆ ಹಾಕಿದರು. ನೆರಳು ಸಿಕ್ಕಿತು. ಗೆರೆ ಹೋಗಲಿಲ್ಲ.

ನಾನು ಅರ್ಜಿ ಬರೆಯುವವನು. ಮನೆ ಶ್ರೀರಂಗಪಟ್ಟಣದಲ್ಲಿ, ಅಂಗಡಿ ಮಾತ್ರ ಅಲ್ಲಿಂದ ಬಸ್ಸಿನಲ್ಲಿ ಹೋಗಿಬರುವ ದೂರದ ಒಂದು ಪೇಟೆಯಲ್ಲಿ. ಪೇಟೆಯ ಹೆಸರು ಬೇಡ. ಆ ಠಾಣೆಯಲ್ಲಿ ಈಗ ಇರುವವರೆಲ್ಲ ಬೇರೆಯವರು. ನಮ್ಮ ತಂದೆ, ಅಬ್ಬಾಜಾನ್, ಅದೇ ಜಾಗದಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಶಾಯಿ ಪೆನ್ನು ಇಟ್ಟುಕೊಂಡು ಮೂವತ್ತು ವರ್ಷ ಅರ್ಜಿ ಬರೆದರು. ನನ್ನ ಕಾಲಕ್ಕೆ ಮರದ ಜಾಗದಲ್ಲಿ ಶೀಟಿನ ಅಂಗಡಿಯಾಯಿತು, ಕಂಪ್ಯೂಟರು ಬಂತು, ಜೆರಾಕ್ಸ್ ಬಂತು. ಆದರೂ ಅಬ್ಬಾ ಕಲಿಸಿದ ಅಕ್ಷರ ನನ್ನ ಕೈಯಲ್ಲಿ ಉಳಿದಿತ್ತು. ನನ್ನ ಕೈಬರಹ ತಾಲ್ಲೂಕು ಕಚೇರಿಯಲ್ಲೂ ಗುರುತು ಹಿಡಿಯುತ್ತಾರೆಂಬ ಜಂಬ ನನಗಿತ್ತು. ಅಂಗಡಿಯ ಎದುರಿಗೇ ಠಾಣೆ, ಮಧ್ಯೆ ರಸ್ತೆ. ನಾನು ಕೂತಲ್ಲಿಂದ ಕತ್ತೆತ್ತಿದರೆ ಆಕೆಯ ಮೇಜು ಕಾಣುತ್ತಿತ್ತು.

ಮೊದಮೊದಲು ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ನನಗೇ ಅಲ್ಲ, ಪೇಟೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಠಾಣೆಯಲ್ಲಿ ಪೊಲೀಸರು ಕಡಿಮೆಯಾಗಿ, ಬಾಗಿಲಲ್ಲಿ ಹೋಂಗಾರ್ಡು ಕೂತ ಮೇಲೆ ಜನಕ್ಕೆ ಸಿಟ್ಟು ಇಳಿಸಲು ಒಂದು ಜಾಗ ಸಿಕ್ಕಂತಾಗಿತ್ತು. ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಖಾಕಿ ಬಟ್ಟೆಯ ಹೆಂಗಸು ಕಾಣುತ್ತಾಳೆ. ಅವನು ತನ್ನ ಕಷ್ಟವನ್ನೆಲ್ಲ ಮೊದಲಿಂದ ಕೊನೆಯವರೆಗೂ ಹೇಳುತ್ತಾನೆ. ಆಕೆ ಕೇಳುತ್ತಾಳೆ. ಕೇಳಿ, 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಎನ್ನುತ್ತಾಳೆ. ದೂರು ತೆಗೆದುಕೊಳ್ಳುವ ಅಧಿಕಾರ ಆಕೆಗಿಲ್ಲ. ಹಿಡಿಯುವ ಅಧಿಕಾರವಿಲ್ಲ, ಬಿಡುವ ಅಧಿಕಾರವೂ ಇಲ್ಲ. ಇದು ಗೊತ್ತಾದಾಗ ಜನ ರಸ್ತೆ ದಾಟಿ ನನ್ನ ಅಂಗಡಿಗೆ ಬಂದು ಆಕೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಕ್ಯಾತನಹಳ್ಳಿ ಕಡೆಯ ಒಬ್ಬ ಮುದುಕರು ಪಂಪ್‌ಸೆಟ್ಟಿನ ಕೇಬಲ್ಲು ಕಳುವಾಯಿತೆಂದು ಮೂರು ದಿನ ಅಲೆದರು. ಮೂರನೆಯ ದಿನ ಅವರು ಕೂಗಿದ್ದು ನನ್ನ ಅಂಗಡಿಯವರೆಗೂ ಕೇಳಿತು.

"ದಿನಾ ನಾಳೆ ಬನ್ನಿ ಅಂತೀಯಲ್ಲ, ನೀನ್ಯಾಕವ್ವ ಇದ್ದೀಯೆ ಅಂಗಾರೆ?"

"ನಾಳೆ ಬನ್ನಿ ಅಂತ ಯೋಳಕ್ಕೇ ಇವ್ನಿ ಕಣಜ್ಜ" ಎಂದಳು ಆಕೆ.

ಅಲ್ಲಿದ್ದವರು ಅದನ್ನು ಕೊಬ್ಬು ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆಕೆ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ದೇವತೆಯಂಥ ಹೆಂಗಸೇನೂ ಅಲ್ಲ ಆಕೆ. ಪೊಲೀಸರ ಜೊತೆ ಇದ್ದು ಇದ್ದು ಗಂಟಲು ದೊಡ್ಡದಾಗಿತ್ತು. 'ಏಯ್, ಆ ಕಡೆ ನಿಂತ್ಕೊ' ಎಂದು ಗದರುತ್ತಿದ್ದಳು. ಬೆಂಚಿನ ಮೇಲೆ ಕಾಲು ಮಡಚಿ ಕೂತವರನ್ನು ಎಬ್ಬಿಸುತ್ತಿದ್ದಳು. ಚಪ್ಪಲಿ ಸದ್ದು ಮಾಡಿದರೂ ಬೈಗುಳ. ಆದರೆ ಒಮ್ಮೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ನಾನು ಠಾಣೆಯೊಳಗೆ ಹೋಗಿದ್ದಾಗ ಬೇರೆಯೇ ಒಂದು ದೃಶ್ಯ ಕಂಡೆ. ಸಾಹೇಬರು ಎರಡು ದಿನದ ಬಂದೋಬಸ್ತು ಮುಗಿಸಿ ಆಗತಾನೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಆಕೆ ಅವರ ಮುಂದೆ ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ನಿಂತು, ವಾಪಸು ಕಳಿಸಿದವರನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. ಯಾವ ಊರಿನವರು, ಏನು ಕಳೆದುಕೊಂಡರು, ಯಾರಿಗೆ ಯಾರು ಹೊಡೆದರು, ಎಷ್ಟು ಸಲ ಬಂದರು, ಎಲ್ಲ. ಒಂದೂ ಚೀಟಿಯಿಲ್ಲ.

"ಶುರುವಾಯ್ತು ನಮ್ ರೇಡಿಯೋ" ಎಂದರು ಸಾಹೇಬರು. ಎಲ್ಲರೂ ನಕ್ಕರು. ಆಕೆ ನಿಲ್ಲಿಸಲಿಲ್ಲ. ಕೇಬಲ್ಲು ಕಳೆದುಕೊಂಡ ಮುದುಕರ ಹೆಸರನ್ನು ಎರಡು ಸಲ ಹೇಳಿದಳು.

ಹೊರಗೆ ಬಂದಾಗ ನಾನು ಕೇಳಿದೆ, "ಅಲ್ಲಕ್ಕ, ಅಷ್ಟೊಂದು ಹೆಸರು ಹೇಗೆ ನೆನಪಿರುತ್ತೆ ನಿಮಗೆ?"

"ಬೈದೋರು ಮರ್ತೋಯ್ತಾರಾ ಸಾಬ್ರೇ?" ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: "ಈ ಬಟ್ಟೆ ನೋಡಿ ಜನ ಬತ್ತಾರೆ. ಬಟ್ಟೆ ಒಳ್ಗೆ ಏನೂ ಇಲ್ಲ ಅಂತ ಗೊತ್ತಾದ್ಮೇಲೆ ಉಗೀತಾರೆ. ಉಗೀಲಿ ಬುಡಿ. ನಾನಾಗಿದ್ರೂ ಉಗೀತಿದ್ದೆ."

ಅಂದಿನಿಂದ ನಮ್ಮಿಬ್ಬರಿಗೆ ಮಾತಾಯಿತು. ಮಧ್ಯಾಹ್ನ ಬಿಡುವಾದಾಗ ಅಂಗಡಿಗೆ ಬಂದು ಫ್ಯಾನಿನ ಕೆಳಗೆ ಐದು ನಿಮಿಷ ಕೂರುತ್ತಿದ್ದಳು. ಕಬ್ಬು ಕಡಿಯಲು ಹೋಗುತ್ತಿದ್ದ ಗಂಡ ಹಾವು ಕಚ್ಚಿ ಸತ್ತಿದ್ದ. ಮಗಳು ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಳು. ಡ್ಯೂಟಿಗೆ ಕರೆದ ದಿನ ಸಂಬಳ, ಕರೆಯದ ದಿನ ಇಲ್ಲ. ಒಮ್ಮೆ ನಮ್ಮ ಮನೆಯ ಈದ್‌ಗೆ ಕರೆದೆ. ಖಾಕಿಯಲ್ಲೇ ಬಂದು ಒಂದು ಲೋಟ ಶೀರ್‌ಕುರ್ಮಾ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದು ಹೋದಳು. ಇಷ್ಟು ಮಟ್ಟಿನ ಸ್ನೇಹ.

ಹೀಗಿರುವಾಗ ಒಂದು ದಿನ ಮಂತ್ರಿಗಳ ಕಾರ್ಯಕ್ರಮವಿತ್ತು. ಠಾಣೆಯವರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಒಳಗೆ ಉಳಿದಿದ್ದವರು ಠಾಣೆಯ ಕಾಗದಪತ್ರ ನೋಡಿಕೊಳ್ಳುವ ಹಿರಿಯ ಪೇದೆ, ಎಲ್ಲರ ಬಾಯಲ್ಲೂ 'ರೈಟರ್'. ಬಾಗಿಲಲ್ಲಿ ಈಕೆ. ಹನ್ನೆರಡೂವರೆ ಹೊತ್ತಿಗೆ ಒಬ್ಬ ಹೆಣ್ಣುಮಗಳು ಸೊಂಟದ ಮೇಲೆ ಮೂರು ವರ್ಷದ ಮಗು ಕೂರಿಸಿಕೊಂಡು ಬಂದಳು. ಸಂತೆಬಾಚಹಳ್ಳಿ ಕಡೆಯಿಂದ ನಮ್ಮ ಪೇಟೆಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ಹುಡುಗಿ. ಕಿವಿಯ ಪಕ್ಕ ಊದಿಕೊಂಡು ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಒಂದು ಗಂಟೆಯ ಸುಮಾರಿಗೆ ಹೋಂಗಾರ್ಡಕ್ಕ ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿಸಿ ನನ್ನ ಅಂಗಡಿಗೆ ಕರೆತಂದಳು.

"ಸಾಬ್ರೇ, ಇವಳ್ದೊಂದು ದೂರು ಬರ್ದುಕೊಡಿ ಬ್ಯಾಗ. ಗಂಡ ಇವತ್ತು ಮುಗಿಸ್ಬುಡ್ತೀನಿ ಅಂದವ್ನಂತೆ. ರೈಟರ್ ಸಾಹೇಬ್ರ ತಾವ ಎರಡ್ ಸತಿ ಹೋದೆ. ಗಂಡ ಹೆಂಡ್ತಿ ಜಗಳ, ನಾಳೆ ಬರಾಕೇಳು ಅಂತಾವ್ರೆ. ಕಾಗ್ದ ಒಂದಿದ್ರೆ ಇಲ್ಲ ಅನ್ನಕಾಗಕಿಲ್ಲ."

"ಅವರು ತಗೊಳ್ಳದಿದ್ದರೆ ಕಾಗದ ಇಟ್ಟುಕೊಂಡು ಏನು ಮಾಡ್ತೀರಕ್ಕ?"

"ಸೀಲು ನನ್ ಮೇಜಿನ ಮ್ಯಾಲೇ ಅದೆ. ನಾನೇ ಹೊಡ್ದು ಒಂದು ಪ್ರತಿ ಇವಳ ಕೈಗೆ ಕೊಟ್ಬುಡ್ತೀನಿ. ಬೈದ್ರೆ ಬೈಲಿ, ತೆಗೆದ್ರೆ ತೆಗೀಲಿ."

ಆಗ ಕರೆಂಟು ಇರಲಿಲ್ಲ. ಕಂಪ್ಯೂಟರು ನಿಂತಿತ್ತು. ನನಗೆ ಹಸಿವಾಗಿತ್ತು. "ಊಟ ಮಾಡಿ ಬಂದುಬಿಡ್ತೀನಿ, ಅಷ್ಟರಲ್ಲಿ ಕರೆಂಟೂ ಬರುತ್ತೆ, ಇಲ್ಲೇ ಕೂತಿರಿ" ಎಂದೆ.

"ಕೈಯಲ್ಲೇ ಬರ್ದುಕೊಡಿ ಸಾಬ್ರೇ. ನಿಮ್ಮಕ್ಷರ ಯಾರ್ಗುಂಟು?"

"ಅರ್ಧ ಗಂಟೆ ಅಕ್ಕ, ಅಷ್ಟೇ" ಎಂದು ಎದ್ದುಹೋದೆ.

ಅರ್ಧ ಗಂಟೆ ಮುಕ್ಕಾಲಾಯಿತು. ಹೋಟೆಲಿನಲ್ಲಿ ಪರಿಚಯದವರೊಬ್ಬರು ಸಿಕ್ಕಿ ಮಾತಿಗೆ ಕೂತಿದ್ದೆ. ಬೀಡಾ ಹಾಕಿಕೊಂಡು ತಿರುಗಿ ಬರುವಾಗ ಹುಡುಗಿ ಇರಲಿಲ್ಲ. ದೊಡ್ಡ ಮಗ ಶಾಲೆಯಿಂದ ಮನೆಗೆ ಬರುವುದರೊಳಗೆ ಊರು ಸೇರಬೇಕು, ಇಲ್ಲದಿದ್ದರೆ ಅವನು ಗಂಡನ ಕೈಗೆ ಸಿಕ್ಕಿಬಿಡುತ್ತಾನೆ ಎಂದು ಹೆದರಿ ಬಸ್ಸು ಹತ್ತಿದಳಂತೆ. ಮನೆಗೆ ಹೋಗಬೇಡ, ಮಗನನ್ನು ಕರೆದುಕೊಂಡು ನೇರ ತೌರಿಗೆ ಹೋಗು ಎಂದು ಹೇಳಿ ಹೋಂಗಾರ್ಡಕ್ಕ ಮಗುವಿಗೆ ಒಂದು ಬನ್ನು ಕೊಡಿಸಿ ಕಳಿಸಿದ್ದಳು. ಕರೆಂಟು ಬಂದಿತ್ತು. ಫ್ಯಾನು ತಿರುಗುತ್ತಿತ್ತು. ಆಕೆ ನನ್ನ ಮುಖ ನೋಡದೆ ರಸ್ತೆ ದಾಟಿ ತನ್ನ ಮೇಜಿಗೆ ಹೋದಳು.

ಆ ಸಂಜೆಯೇ ಆ ಹುಡುಗಿಯ ಗಂಡ ಅವಳನ್ನು ಕೊಂದ. ಮಗನ ಪುಸ್ತಕದ ಚೀಲ ತೆಗೆದುಕೊಳ್ಳಲು ಮನೆಯೊಳಗೆ ಹೋದವಳು ಹೊರಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ತಂದ ಹೆಣವನ್ನು ಠಾಣೆಯ ಮುಂದೆ ರಸ್ತೆಯಲ್ಲೇ ಇಳಿಸಿದರು. ಇನ್ನೂರು ಮುನ್ನೂರು ಜನ. ಅವಳ ಅಣ್ಣ ಎದೆ ಬಡಿದುಕೊಂಡು ಕೂಗುತ್ತಿದ್ದ. "ನಮ್ ಹುಡ್ಗಿ ಇಲ್ಲಿಗೆ ಬಂದಿತ್ತು. ಯಾವನ್ಲಾ ಅವ್ನು ವಾಪಸ್ ಕಳ್ಸಿದ್ದು?"

ಹಿಂದಿನ ದಿನ ಬೆಂಚಿನ ಮೇಲೆ ಕಾದು ಕೂತಿದ್ದವರು ಇಬ್ಬರು ಗುಂಪಿನಲ್ಲಿದ್ದರು. ಅವರು ಅವತ್ತು ಕಂಡದ್ದು ಬಾಗಿಲ ಮೇಜನ್ನು ಮಾತ್ರ. ಈಗ ಆ ಮೇಜು ಖಾಲಿಯಿತ್ತು. "ಅವ್ಳೇ ಕಣಣ್ಣ, ಆ ಹೋಂಗಾರ್ಡ್ ಹೆಂಗ್ಸು" ಎಂದರು.

ಸಾಹೇಬರು ಹೊರಗೆ ಬಂದರು. ಮೊದಲು ಅವರ ಬಾಯಲ್ಲಿ ಬಂದ ಮಾತು, "ಆಕೆ ನಮ್ಮ ಸಿಬ್ಬಂದಿ ಅಲ್ಲ, ಹೋಂಗಾರ್ಡು." ಆಮೇಲೆ ಧ್ವನಿ ತಗ್ಗಿಸಿ, "ನೀವು ಬರೆದುಕೊಡಿ, ಇವತ್ತೇ ಕ್ರಮ ಜರುಗಿಸ್ತೀವಿ" ಎಂದರು. ರೈಟರ್ ಅವರ ಹಿಂದೆಯೇ ನಿಂತಿದ್ದರು. ಕೈಯಲ್ಲಿ ಫೈಲಿತ್ತು.

ಗುಂಪು ರಸ್ತೆ ದಾಟಿ ನನ್ನ ಅಂಗಡಿಗೆ ನುಗ್ಗಿತು. "ಬರೀರಿ ಭಾಯ್, ಚಂದಾಗಿ ಬರೀರಿ. ಅವ್ಳು ಇನ್ನೊಂದ್ ಸತಿ ಆ ಬಟ್ಟೆ ಹಾಕ್ಬಾರ್ದು, ಅಂಗೆ ಬರೀರಿ" ಎಂದ ಅಣ್ಣ. ಟೈಪು ಮಾಡುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ನಾನು ಬಿಳಿ ಹಾಳೆ ತೆಗೆದುಕೊಂಡು, ಪೆನ್ನು ತೆಗೆದುಕೊಂಡು, ನಿಂತ ನಿಲುವಿನಲ್ಲೇ ಎರಡು ಪುಟ ಬರೆದುಕೊಟ್ಟೆ. ಹುಡುಗಿ ಬದುಕಿದ್ದಾಗ ನನಗೆ ಕರೆಂಟು ಬೇಕಾಗಿತ್ತು. ಸತ್ತ ಮೇಲೆ ಕೈಬರಹ ಸಾಕಾಯಿತು.

ಬರೆದದ್ದೂ ಎಂಥದ್ದು! 'ಪ್ರಾಣಭಯದಿಂದ ರಕ್ಷಣೆ ಕೋರಿ ಬಂದ ಅಬಲೆಯನ್ನು ಸದರಿ ಗೃಹರಕ್ಷಕಿಯು ನಿರ್ದಾಕ್ಷಿಣ್ಯವಾಗಿ ಹೊರಗಟ್ಟಿದ್ದು' ಎಂಬ ಸಾಲು ಇವತ್ತಿಗೂ ನನಗೆ ಬಾಯಿಗೆ ಬರುತ್ತದೆ. ಓದಿ ಹೇಳಿದಾಗ ಜನ ಸರಿ ಸರಿ ಎಂದರು. ಅದು ಸುಳ್ಳೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಇಲ್ಲಪ್ಪಾ, ಆಕೆ ಇವಳನ್ನು ನನ್ನ ಹತ್ತಿರ ಕರೆತಂದಿದ್ದಳು, ಊಟಕ್ಕೆ ಹೋದವನು ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಮುಂದೆ ಮುನ್ನೂರು ಜನ. ನನ್ನ ಹೆಸರು, ನನ್ನ ಗಡ್ಡ, ಈಗಿನ ಕಾಲ. ಹೆದರಿಕೊಂಡೆ. ಈ ಹೆದರಿಕೆಯನ್ನು ನಾನು ಆಗಾಗ ನೆಪವಾಗಿ ಬಳಸುತ್ತೇನೆ. ಆದರೆ ಅಂದು ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು, ಆ ನಾಚಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು "ಹಮ್ನಾ ಕಾಯ್ಕು ವೋ ಸಬ್" ಎಂದಳು. ನಮಗೇಕೆ ಅದೆಲ್ಲ ಎಂದು. ಹಾಗೆ ಹೇಳಲಿ ಎಂದೇ ನಾನೂ ಹೇಳಿದ್ದೆ.

ನಾಲ್ಕು ದಿನ ಆಕೆ ಮೇಜಿನಲ್ಲಿ ಕಾಣಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಸೀರೆ ಉಟ್ಟಿದ್ದಳು. ನಾನು ಆಕೆಯನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ಕೈಯಲ್ಲಿ ಒಂದು ನೋಟಿಸು. ಏಳು ದಿನದಲ್ಲಿ ಸಮಜಾಯಿಷಿ ಕೊಡಬೇಕೆಂದು. ಅದರ ಜೊತೆಗೆ ಪಿನ್ನು ಹಾಕಿ ನನ್ನ ಕೈಬರಹದ ಎರಡು ಪುಟದ ಜೆರಾಕ್ಸು.

"ನೀವು ಬರ್ದಿದ್ದು ಅಂತ ಅಕ್ಷರ ನೋಡಿದ್ ತಕ್ಷಣ ಗೊತ್ತಾಯ್ತು" ಎಂದಳು. ನಾನು ಶಟರನ್ನು ಪೂರ್ತಿ ಮೇಲೆತ್ತಿದೆ. "ಹೆಣ ಮಡಗ್ಕೊಂಡು ಬಂದವ್ರೆ, ಬರೀದೆ ಇನ್ನೇನ್ ಮಾಡೀರಿ? ಅದ್ ಬುಡಿ. ಈಗ ನನ್ ಕಡೇದು ಬರೀರಿ. ನಿಮ್ಮಂಗೆ ಬರೆಯೋರು ಯಾರವ್ರೆ ಇಲ್ಲಿ?"

ಆಕೆ ಹೇಳಿದಳು, ನಾನು ಬರೆದೆ. ಎರಡು ವಿಷಯ ಬರಲೇಬೇಕು ಎಂದಿದ್ದಳು. ಒಂದು, ನಾಳೆ ಬರಲು ಹೇಳು ಎಂದವರು ರೈಟರ್ ಸಾಹೇಬರು ಎಂದು, ಅವರ ಹೆಸರಿನ ಸಮೇತ. ಎರಡು, ಹುಡುಗಿಯನ್ನು ದೂರು ಬರೆಸಲು ನನ್ನ ಅಂಗಡಿಗೆ ಕರೆತಂದಿದ್ದಳು, ಅದಕ್ಕೆ ನಾನೇ ಸಾಕ್ಷಿ ಎಂದು.

ಬರೆದು ಮುಗಿಸಿ ಕೊಟ್ಟೆ. ಆಕೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಎರಡನೆಯ ಸಲವೂ ಓದಿದಳು.

"ಹೆಸ್ರು ಎಲ್ಲದೆ ಸಾಬ್ರೇ?"

"ಮೇಲಿನವರ ಮೌಖಿಕ ಸೂಚನೆಯಂತೆ ಅಂತ ಹಾಕಿದೀನಲ್ಲ ಅಕ್ಕ. ಅದೇ ಸಾಕು. ಹೆಸರು ಹಾಕಿದರೆ ನಿಮಗೇ ತೊಂದರೆ."

"ಅಂಗ್ಡೀ ವಿಚಾರ?"

ನಾನು ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನು ಅತ್ತಿಂದಿತ್ತ ಜರುಗಿಸಿದೆ. "ಅದನ್ನು ಹಾಕಿದರೆ ನನ್ನನ್ನು ವಿಚಾರಣೆಗೆ ಕರೀತಾರೆ. ಆ ಹುಡುಗಿಯ ಕಡೆಯವರಿಗೂ ಗೊತ್ತಾಗುತ್ತೆ. ದಿನಾ ಇಲ್ಲೇ ಬಾಗಿಲು ತೆಗೀಬೇಕು ನಾನು."

ಆಕೆ ಠಾಣೆಯ ಕಡೆ ನೋಡಿದಳು. ಆಮೇಲೆ ನನ್ನ ಅಂಗಡಿಯ ಗೋಡೆ, ಕಂಪ್ಯೂಟರು, ಅಬ್ಬಾಜಾನರ ಫೋಟೋ ಎಲ್ಲದರ ಮೇಲೂ ಕಣ್ಣು ಹಾಯಿಸಿದಳು. "ನಿಮ್ಗೂ ಸಂಸಾರ ಅದೆ, ಬುಡಿ" ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಸಹಿ ಹಾಕಿ, ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ರೈಟರ್ ಹೆಸರನ್ನೂ ಅವರು ಹೇಳಿದ ಮಾತನ್ನೂ ತಾನೇ ಬರೆದಳು. ಸೊಟ್ಟ ಅಕ್ಷರ, ಎರಡು ಕಡೆ ಒತ್ತು ತಪ್ಪಿತ್ತು. ನನ್ನ ಹೆಸರನ್ನು ಬರೆಯಲಿಲ್ಲ. ಕಾಗದ ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡು ಹೋದಳು.

ವಿಚಾರಣೆಯಲ್ಲಿ ರೈಟರ್ ತಾನು ಹಾಗೆ ಹೇಳಲೇ ಇಲ್ಲ ಎಂದರು. ಆಕೆಗೆ ಸಾಕ್ಷಿ ಯಾರಿದ್ದಾರೆ ಎಂದು ಕೇಳಿದರಂತೆ. ಯಾರೂ ಇಲ್ಲ ಎಂದಳಂತೆ. ಅಮಾನತು ಮಾಡಲು ಅದು ಸರ್ಕಾರಿ ನೌಕರಿಯೂ ಅಲ್ಲ. ಡ್ಯೂಟಿಗೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ಟೋಪಿ, ಬೆಲ್ಟು, ಬೂಟು ವಾಪಸು ತೆಗೆದುಕೊಂಡರು. ಪೇಟೆಯಲ್ಲಿ ಜನ ಬಹಳ ದಿನ ಅದನ್ನು ಹೇಳಿಕೊಂಡು ತೃಪ್ತಿಪಟ್ಟರು. 'ಒಬ್ಬಳನ್ನಾದ್ರೂ ಮನೆಗೆ ಕಳ್ಸಿದ್ವಲ್ಲ' ಎಂದು. ರೈಟರ್ ಮುಂದಿನ ವರ್ಷ ಬಡ್ತಿ ಪಡೆದು ಬೇರೆ ಠಾಣೆಗೆ ಹೋದರು. ಬಾಗಿಲ ಮೇಜಿಗೆ ಹೊಸ ಹೋಂಗಾರ್ಡು ಬಂದ. ಅವನೂ ನಾಳೆ ಬನ್ನಿ ಎನ್ನುತ್ತಿದ್ದ. ಅವನನ್ನೂ ಬೈಯಲು ಶುರುಮಾಡಿದರು.

ಆಕೆ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಲು ಸೇರಿಕೊಂಡಳು. ನಾನು ಇನ್ನು ಆಕೆಯ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಆರು ತಿಂಗಳ ಮೇಲೆ ಒಂದು ದಿನ, ಒಡೆದ ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸನ್ನು ಕರೆದುಕೊಂಡು ಅಂಗಡಿಗೆ ಬಂದಳು. "ಇವಳ್ದೊಂದು ಬರ್ದುಕೊಡಿ ಸಾಬ್ರೇ" ಎಂದಳು, ನಡುವೆ ಏನೂ ಆಗಿಲ್ಲದ ಹಾಗೆ. ನನ್ನ ಬುತ್ತಿ ಅರ್ಧ ಬಿಚ್ಚಿತ್ತು. ಮುಚ್ಚಿಟ್ಟು, ಕೈ ತೊಳೆದು, ಕೂತು ಬರೆದೆ. ಹೀಗೆ ನಾಲ್ಕೈದು ಸಲ ಬಂದಳು, ಪ್ರತಿ ಸಲ ಬೇರೆ ಬೇರೆ ಹೆಂಗಸು. ದೂರು ಕೊಡಿಸಿ, ಸೀಲು ಬಿದ್ದ ಪ್ರತಿಯನ್ನು ಕಣ್ಣಾರೆ ನೋಡಿಯೇ ಬಸ್ಸು ಹತ್ತುತ್ತಿದ್ದಳು. ಖಾಕಿ ಇಲ್ಲದಿದ್ದರೂ ಠಾಣೆಯಲ್ಲಿ ಅದೇ ದೊಡ್ಡ ಗಂಟಲು. ನಾವಿಬ್ಬರೂ ಆ ದಿನದ ಮಾತೆತ್ತಲಿಲ್ಲ. ಪ್ರತಿ ಸಲ ಆಕೆ ಹೋದ ಮೇಲೆ ಮುಂದಿನ ಸಲ ತಪ್ಪಾಯಿತೆಂದು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ.

ಆಮೇಲೆ ಬರುವುದು ನಿಂತಿತು. ಆಕೆ ಹಿಂದೆ ಕರೆತಂದಿದ್ದ ಹೆಂಗಸೊಬ್ಬಳು ಸಂತೆಯ ದಿನ ಸಿಕ್ಕಿ ಹೇಳಿದಳು. ಶಾಲೆಯ ಅಡಿಗೆಮನೆಯಲ್ಲಿ ಎದೆ ಹಿಡಿದುಕೊಂಡು ಕೂತವಳು ಆಸ್ಪತ್ರೆಗೆ ತಲುಪಲಿಲ್ಲವಂತೆ. ಆಗಲೇ ಹತ್ತು ದಿನವಾಗಿತ್ತು.

ಆಕೆಯ ಊರಿಗೆ ಹೋದೆ. ತಿಥಿಗೆ ಬಂದ ನಂಟರು ಇನ್ನೂ ಇದ್ದರು. ಅಂಗಳದಲ್ಲಿ ಹತ್ತಿಪ್ಪತ್ತು ಜನ. ನಾನು ಯಾರೆಂದು ಹೇಳುತ್ತಿದ್ದಂತೆ ಮಗಳು ಒಳಗಿನಿಂದ ಬಂದಳು. ಈಗ ಅವಳು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿದ್ದ ಒಂದೇ ಕುರ್ಚಿ ತಂದು ಹಾಕಿಸಿದಳು. ನೆಲದಲ್ಲಿ ಕೂರುತ್ತೇನೆ ಎಂದರೂ ಬಿಡಲಿಲ್ಲ. ನಂಟರ ಕಡೆ ತಿರುಗಿ, "ಆ ಗಲಾಟೆ ಟೈಮಲ್ಲಿ ಊರೆಲ್ಲ ಅಮ್ಮನ ಮೇಲೆ ಬರ್ದಾಗ, ಅಮ್ಮನ ಕಡೆಗೆ ಬರ್ದುಕೊಟ್ಟೋರು ಇವ್ರೊಬ್ರೇ. ಅಮ್ಮ ಯಾವಾಗ್ಲೂ ಹೇಳೋದು" ಎಂದಳು.

ಮೊದಲ ಎರಡು ಪುಟವನ್ನು ಬರೆದವನು ಯಾರೆಂದು ಆಕೆ ಮಗಳಿಗೆ ಹೇಳಿರಲಿಲ್ಲ. ಅಂಗಡಿಯ ವಿಚಾರವನ್ನೂ ಹೇಳಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬ ಮುದುಕಿ ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮಗಳು ಟೀ ತಂದುಕೊಟ್ಟಳು. ಈಗ ಹೇಳಬೇಕು, ಈ ಲೋಟ ಕೆಳಗಿಟ್ಟು ಹೇಳಬೇಕು ಎಂದುಕೊಂಡೆ. ಟೀ ಕುಡಿದು ಮುಗಿಸಿದೆ. ಇನ್ನೊಂದು ಲೋಟ ಕೊಟ್ಟಳು. ಅದನ್ನೂ ಕುಡಿದೆ.

ಬಸ್ ಸ್ಟಾಪಿನವರೆಗೆ ಹೋಂಗಾರ್ಡಕ್ಕನ ಅಣ್ಣ ಜೊತೆಗೆ ಬಂದರು. ದಾರಿಯುದ್ದಕ್ಕೂ ತಂಗಿಯ ಮಾತೇ. ಬಸ್ಸು ದೂರದಲ್ಲಿ ಕಂಡಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮಂತೋರು ಇರ್ಬೇಕು ಕಣ್ ಸಾಬ್ರೇ, ಊರಿಗೊಬ್ರು" ಎಂದರು.

ಅಲ್ಲ ಎನ್ನಲು ಬಾಯಿ ತೆರೆದೆ. "ಬತ್ತೀನಣ್ಣ" ಎಂದು ಹೇಳಿ ಬಸ್ಸು ಹತ್ತಿದೆ.